ಹೊಗಿ ಬಿಡದ ಚಿಮಣಿ

ನಮ್ಮಪ್ಪ ಮಹಾಂತಪ್ಪಗ ಒಂದ ಹುಚ್ಚ ನಂಬಿಕಿ ಇತ್ತು. ಕಾರಖಾನಿ ಯಾವದರ ಇರಲಿ, ಚಿಮಣಿಯೊಳಗ ಹೊಗಿ ಬಂದ್ರ ನಡದೈತಿ, ಬರಲಿಲ್ಲಂದ್ರ ಬಾಗಲಾ ಹಾಕೇತಿ. ಬೈಲಹೊಂಗಲ ಪ್ಯಾಟ್ಯಾಗ ಬೆಲ್ಲದ ವ್ಯಾಪಾರ ಮಾಡಾವ. ಗಾಣದ ಹೊಗಿ, ಸಕ್ಕರಿ ಕಾರಖಾನಿ ಹೊಗಿ ನೋಡಿ ನೋಡಿನ ತಲಿ ಬೆಳ್ಳಗ ಮಾಡ್ಕೊಂಡಿದ್ದ. ಇಂಥಾ ಮನಷ್ಯಾನ ಕೈಯಾಗ ನನ್ನ ಮದವಿ ಸಿಕ್ಕಿತ್ತು ನೋಡ್ರಿ.

ಎರಡ ಸಾವಿರದ ಒಂದನೇ ಇಸವಿ ಮಾತಿದು. ದೊಡವಾಡದ ವಿರೂಪಾಕ್ಷ ಅನ್ನೂ ಹುಡುಗ ನನ್ನ ನೋಡಾಕ ಬಂದ. ಕೈಗಾದ ಅಣು ವಿದ್ಯುತ್ ಸ್ಥಾವರದಾಗ ದೊಡ್ಡ ದೊಡ್ಡ ಫ್ಯಾನ್ ನೋಡ್ಕೊಳ್ಳೂ ಕೆಲಸ ಅವಂದು. ಅವನಕಿಂತ ಮೊದಲ ಬಂದವ್ರೆಲ್ಲಾ ನನ್ನ ಬಿಟ್ಟ ನಮ್ಮ ಮನಿ ಗ್ವಾಡಿ ನೋಡಿ ಹೋಗಿದ್ರು. ಇವ ಮಾತ್ರ, ರಾಜೇಶ್ವರಿಯವರ, ಅಷ್ಟ ಮಂದಿ ಮುಂದ ಕುಂತು ನಿಮಗ ಬ್ಯಾಸರ ಆಗಿಲ್ಲೇನ್ರಿ ಅಂತ ಕೇಳಿದ. ಸುಳ್ಳ ಯಾಕ ಹೇಳಲಿ, ಅವತ್ತ ಅವ ನನ್ನ ಮನಸಿಗೆ ಬಂದುಬಿಟ್ಟ.

ನಮ್ಮ ಕಡೆ ಹೆಣ್ಣ ಕೊಡೂ ಮೊದಲ ಹಿರ್ಯಾರು ಹೋಗಿ ಹುಡುಗನ ಮನಿ, ಹೊಲ ಕಣ್ಣಾರೆ ನೋಡಿ ಬರಬೇಕು. ಮನಿ ಹೊಲ ನೋಡಿದ್ದಾತು, ನೌಕರಿನೂ ನೋಡೂಣು ಅಂತ ಅಪ್ಪ, ದುಂಡಪ್ಪ ಕಾಕಾ ಇಬ್ಬರೂ ಬುತ್ತಿ ಕಟಗೊಂಡು ಬಸ್ ಹತ್ತಿದ್ರು. ಗೇಟಿನೊಳಗ ಯಾರು ಬಿಡಬೇಕು? ದೂರ ಒಂದ ದಿಬ್ಬದ ಮ್ಯಾಲ ಕುಂತು, ರೊಟ್ಟಿ ತಿನಕೋತ, ಹೊತ್ತ ಮುಣಗೂತನಕ ಚಿಮಣಿ ಕಾದ್ರಂತ. ದಾರದಷ್ಟ ಹೊಗಿ ಸೈತ ಬರಲಿಲ್ಲಂತ.

ತಿರುಗಿ ಬಂದಾವನ ಅಪ್ಪ, ಕಾರಖಾನಿ ಬಂದ್ ಬಿದ್ದೈತಿ, ಹುಡುಗ ಊರ ಮಂದಿಗೆ ಟೋಪಿ ಹಾಕ್ಯಾನ, ಸಂಬಂಧ ಬ್ಯಾಡ ಅಂದ. ನನಗ ಎಷ್ಟ ಸಿಟ್ಟು ಬಂತಂದ್ರ, ಎರಡ ದಿನ ಯಾರ ಕೂಡನೂ ಮಾತಾಡಲಿಲ್ಲ. ಮಾತಾಡಿದ್ರರ ಕೇಳಾವರು ಯಾರಿದ್ರು?

ಸುದ್ದಿ ಮುಟ್ಟಿದ ಕೂಡಲೆ ವಿರೂಪಾಕ್ಷ ಸ್ವತಾ ಮನಿಗೆ ಬಂದ. ಅವತ್ತ ಅಡಗಿಮನ್ಯಾಗ ಅವ್ವ ವರ್ಷದ ಖಾರಕ್ಕ ಮೆಣಸಿನಕಾಯಿ ಹುರಿಯಾಕ ಹತ್ತಿದ್ಲು. ಪಡಸಾಲ್ಯಾಗ ಕುಂತಾವ್ರೆಲ್ಲಾ ಕೆಮ್ಮಿ ಕೆಮ್ಮಿ ಕಣ್ಣೀರ ಸುರಸತಿದ್ರು. ಬೆಂಕಿ ಇಲ್ಲದ ಕರೆಂಟ್ ಹೆಂಗ ಹುಟ್ಟತೈತಿ ಅಂತ ಕಾಕಾ ಕೆಮ್ಮಿನ ನಡಬರಕ ಕೇಳಿದ. ಅಲ್ಲಿ ಏನೂ ಸುಡಾಂಗಿಲ್ಲ, ಯುರೇನಿಯಂ ಅಣು ಒಡದ ಕಾವು ಹುಟ್ಟತೈತಿ, ಸುಡಲಾರದ ಹೊಗಿ ಎಲ್ಲಿಂದ ಬರಬೇಕ್ರಿ ಅಂತ ಇವ ಅಂದ. ಹಂಗಾರ ಅಷ್ಟೆತ್ತರದ ಚಿಮಣಿ ಯಾಕ ಕಟ್ಟೀರಿ, ದೃಷ್ಟಿ ಆಗಬಾರದಂತೇನು ಅಂದ ಅಪ್ಪ.

ವಿರೂಪಾಕ್ಷ ಎದ್ದು ನಮ್ಮ ಟೇಬಲ್ ಫ್ಯಾನ್ ತಗೊಂಡು ಅಡಗಿಮನಿ ಕಿಡಕ್ಯಾಗ, ಮಾರಿ ಹೊರಗ ಮಾಡಿ ಇಟ್ಟ. ಫ್ಯಾನ್ ಒಳಗಿನ ಗಾಳಿ ಹೊರಗ ನೂಕಾಕ ಹತ್ತಿತು. ಪಡಸಾಲಿ ಗಾಳಿ ಬಾಗಲದಿಂದ ಅಡಗಿಮನಿಗೆ ಹೊಂಟಿತು, ಅಡಗಿಮನಿ ಘಾಟು ಈ ಕಡೆ ಬರೂದು ನಿಂತಿತು. ಎಲ್ಲಾರ ಕೆಮ್ಮೂ ಮೆಲ್ಲಕ ನಿಂತಿತು. ಅಲ್ಲೂ ಹಿಂಗ ಅಂತ ತಿಳಿಸಿ ಹೇಳಿದ. ಫ್ಯಾನ್ ಗಾಳೀನ ಮಂದಿ ಇರೂ ಕಡಿಂದ ವಿಕಿರಣದ ಹೊಲಸ ಇರೂ ಕಡೆ ಎಳೀತಾವು, ಅದು ಹೊಳ್ಳಿ ಬರಾಕ ಬಿಡಾಂಗಿಲ್ಲ. ಆಮ್ಯಾಲ ಹಿಟ್ಟಿನ ಸಾಣಗಿಕಿಂತ ಸಾವಿರ ಪಟ್ಟು ಸಣ್ಣ ತೂತಿನ ಫಿಲ್ಟರ್, ಇದ್ದಲಿ ಫಿಲ್ಟರ್ ದಾಟಿಸಿ, ಏನೈತಿ ಅಂತ ಅಳದು, ಎತ್ತರಕ್ಕ ಒಯ್ದು ಬಿಡತಾರ. ಅಲ್ಲಿ ಅದು ಚದರಿ ಹೋಗತೈತಿ. ಅಪ್ಪ ಮೀಸಿ ತೀಡಿಕೊಂಡ. ಗೆದ್ದಿವಿ ಅನ್ಕೊಂಡೆ ನಾ.

ಅಷ್ಟರಾಗ ಅಪ್ಪನ ಅವ್ವ, ನಮ್ಮ ಆಯಿ ಚನ್ನವ್ವ, ಮೂಲ್ಯಾಗಿಂದ ಬಾಯಿ ತಗದ್ಲು. "ತಮ್ಮಾ, ಅಷ್ಟೆಲ್ಲಾ ಸೋಸಿದ ಮ್ಯಾಲ ಆ ಗಾಳ್ಯಾಗ ಕೆಟ್ಟದ್ದು ಏನೂ ಉಳಿಯಾಂಗಿಲ್ಲೇನು?"

ನಾ ಬಾಗಲ ಮರಿಗೆ ನಿಂತು, ಇಲ್ಲ ಅನ್ನು, ಇಲ್ಲ ಅನ್ನು ಅಂತ ತಲಿ ಅಲ್ಲಾಡಿಸಿದೆ. ಅವ ನನ್ನ ನೋಡಿದ. ನೋಡಿನೂ ಹೇಳಿದ.

"ಉಳೀತೈತ್ರಿ ಆಯಿ. ಭಾಳ ಕಡಿಮಿ. ಫಿಲ್ಟರಿಗೆ ಸಿಗಲಾರದ್ದು ಒಂಚೂರು ಇರತೈತಿ. ಮಿತಿಯೊಳಗ ಐತಿ ಅಂತ ಅಳದ ಬಿಡತೇವಿ. ಏನೂ ಇಲ್ಲ ಅಂತ ಹೇಳಾಕ ಬರಾಂಗಿಲ್ರಿ."

ಎಂಥಾ ಪೆದ್ದ ಗಂಟ ಬಿದ್ದನಪಾ ಅನ್ಕೊಂಡೆ. ಕಾಕಾ ಆಗಲೇ ಚಪ್ಪಲಿ ಹುಡುಕಾಕ ಹತ್ತಿದ್ದ. ಅಪ್ಪ, ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನ ಅಂಥಾ ಗಾಳಿಗೆ ಕಳಸಾಂಗಿಲ್ಲ ಅಂದ.

ಆಯಿ ಅಪ್ಪನ್ನ ಗದರಿಸಿ ಕುಂಡ್ರಿಸಿದ್ಲು. "ನನ್ನ ನೋಡಾಕ ಬಂದಾಗ, ಹುಡುಗಗ ಅಡಕಿ ಚಟಾನೂ ಇಲ್ಲ ಅಂದಿದ್ರು. ನಿಮ್ಮಪ್ಪ ಇಸ್ಪೀಟ್ ಆಡಿ ಕರಿ ಮಣ್ಣಿನ ಎರಿ ಹೊಲಾ ಕಳದ. ಈ ಹುಡುಗ ಚಿಮಣ್ಯಾಗಿನ ಒಂಚೂರನೂ ಮುಚ್ಚಿಡಲಿಲ್ಲ. ಇಂಥಾವನ್ನ ಬಿಟ್ಟು ಇನ್ಯಾರಿಗೆ ಕೊಡತೀ?"

ಆಯಿ ವಿರೂಪಾಕ್ಷನ ಕಡೆ ತಿರುಗಿ, ನಿನ್ನೊಳಗ ಏನರ ಕೆಟ್ಟದ್ದ ಇದ್ರ ಅದನ್ನೂ ಈಗ ಹೇಳಿಬಿಡು ಅಂದ್ಲು. ಅವ ತಲಿ ಕೆರಕೊಂಡು, ಗೊರಕಿ ಹೊಡಿತೇನ್ರಿ, ಜೋರ ಹೊಡಿತೇನಿ ಅಂದ. ನನಗ ತಡಕೊಳ್ಳಾಕ ಆಗಲಿಲ್ಲ, ಬಾಗಲ ಮರ್ಯಾಗ ನಕ್ಕಬಿಟ್ಟೆ.

ಅಪ್ಪ ಹೊಳ್ಳಿ ನನ್ನ ನೋಡಿದ. ವರ ಹುಡುಕಾಕ ಹತ್ತಿದಾಗಿಂದ ಅವ ನನ್ನ ಒಂದ ಮಾತೂ ಕೇಳಿರಲಿಲ್ಲ.

"ಗೊರಕಿ ನಡೀತೈತೇನವಾ?" ಅಂದ.

ನಡೀತೈತಿ ಅಂದೆ.