ಸೆಕೆಂಡ್ ಮುಳ್ಳಿಲ್ಲದ ಗಡಿಯಾರ

ಇನ್ನು ಮೇಲೆ ಒಂದೇ ಗಡಿಯಾರ ಎಂದು ಗಂಗಾಧರ ತೀರ್ಮಾನಿಸಿದ್ದು ನವೆಂಬರ್ ಕೊನೆಯಲ್ಲಿ. ಸ್ನಾನಕ್ಕೂ ಅದೇ, ನಿದ್ದೆಗೂ ಅದೇ, ಕಾರ್ಖಾನೆಗೂ ಪೂಜೆಗೂ ಅದೇ. ಐದು ವರ್ಷದ ಮಗಳು ಅದಿತಿಗೆ ಫಿಟ್ಸ್ ಯಾವಾಗ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಬಂದ ಹೊತ್ತಿಗೆ ತನ್ನ ಕೈಯಲ್ಲಿ ಯಾವ ಗಡಿಯಾರ ಇರಬೇಕೆಂಬುದನ್ನಾದರೂ ಅವನು ಗೊತ್ತುಮಾಡಬಹುದಿತ್ತು.

ಅವನ ಬಳಿ ಮೂರಿದ್ದವು. ಸ್ವೀಡನ್ನಿನ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷಿಸುವುದು ಅವನ ಕೆಲಸ. ಅಲ್ಲಿಗೆ ಚರ್ಮದ ಪಟ್ಟಿಯ, ಬಿಳಿ ಮುಖದ ಗಡಿಯಾರ. ಗುರುವಾರ ಮಗಳನ್ನು ಈಜುಕೊಳಕ್ಕೆ ಕರೆದೊಯ್ಯುವಾಗ ಪ್ಲಾಸ್ಟಿಕ್ಕಿನ ಡಿಜಿಟಲ್. ಮೂರನೆಯದು ಮದುವೆಯಲ್ಲಿ ಮಾವ ತೊಡಿಸಿದ್ದು: ಚಿನ್ನದ ಬಣ್ಣದ ಚೈನು, ತೆಳ್ಳನೆಯ ಒಡಲು. ಮುಖದ ಮೇಲೆ ಅಂಕಿಗಳಿಲ್ಲ. ನಾಲ್ಕು ಗೆರೆ, ಎರಡು ಮುಳ್ಳು, ಅಷ್ಟೇ.

ಅಕ್ಟೋಬರ್‌ವರೆಗೆ ಮಗಳಿಗೆ ಫಿಟ್ಸ್ ಬಂದದ್ದು ಎರಡೇ ಸಲ. ಒಂದು ನಿಮಿಷ ಐವತ್ತು ಸೆಕೆಂಡು, ಎರಡು ನಿಮಿಷ ಹತ್ತು ಸೆಕೆಂಡು ಎಂದು ಗಂಗಾಧರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಟ್ಯೂಬಿನ ಔಷಧಿ ಹಾಕಿ ಆಂಬುಲೆನ್ಸ್ ಕರೆಯಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಟ್ಯೂಬು ಸದಾ ಹೆಂಡತಿ ಮೀರಾಳ ಕೈಚೀಲದಲ್ಲಿರುತ್ತಿತ್ತು.

ಆ ತಿಂಗಳು ಸೊಲ್ಲೆಂಟುನಾದಲ್ಲಿದ್ದ ಗೆಳೆಯ ರಮಾನಂದನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊರಡುವಾಗ ಮೀರಾಳ ಕಣ್ಣು ಗಂಡನ ಕೈಮೇಲೆ ಬಿತ್ತು.

"ಚರ್ಮದ ಪಟ್ಟಿ ಕಟ್ಕೊಂಡು ಪೂಜೆಗೆ ಕೂತ್ಕೋತೀರಾ? ಅಪ್ಪ ಕೊಟ್ಟಿದ್ದು ಹಾಕ್ಕೊಳ್ಳಿ. ಪಾಪ, ಅದಕ್ಕೂ ಸ್ವಲ್ಪ ಗಾಳಿ ಬೆಳಕು ಸಿಗಲಿ."

"ನಿಮ್ಮಪ್ಪ ಮೂರನೇ ಮುಳ್ಳು ಕೊಡೋದೇ ಮರೆತ್ರು."

"ಅಳಿಯನ ಆತುರ ನೋಡಿ ಬೇಕಂತ್ಲೇ ಬಿಟ್ಟಿದಾರೆ."

ಇಬ್ಬರೂ ನಕ್ಕರು. ಅವನು ಗಡಿಯಾರ ಬದಲಿಸಿದ.

ಮಂಗಳಾರತಿಯ ಗಂಟೆ ಬಾರಿಸುತ್ತಿದ್ದಾಗ ಅದಿತಿ ಬಿದ್ದಳು. ಗಂಗಾಧರ ಅವಳನ್ನು ಪಕ್ಕಕ್ಕೆ ಹೊರಳಿಸಿ ಕೈ ನೋಡಿಕೊಂಡ. ದೊಡ್ಡ ಮುಳ್ಳು ಎರಡು ಗೆರೆಗಳ ನಡುವೆ ಎಲ್ಲೋ ಇತ್ತು. ಮತ್ತೆ ನೋಡಿದಾಗಲೂ ಅಲ್ಲೇ ಇದ್ದಂತಿತ್ತು. ಮೀರಾ ಟ್ಯೂಬು ಹಿಡಿದು, ಹಾಕಲಾ ಎಂದು ಕೇಳಿದಳು. "ತಾಳು, ಇನ್ನೂ ಐದಾಗಿಲ್ಲ" ಎಂದ. ಅವಳು ಮತ್ತೊಮ್ಮೆ ಕೇಳಿದಳು. ಅವನು ಮತ್ತೊಮ್ಮೆ ಅದನ್ನೇ ಹೇಳಿದ. ಮುಳ್ಳು ಸರಿದದ್ದು ಖಚಿತವಾದ ಮೇಲೆಯೇ ತಲೆಯಾಡಿಸಿದ. ಆಸ್ಪತ್ರೆಯಲ್ಲಿ ಕೇಳಿದಾಗ, ಔಷಧಿ ಹಾಕುವ ಹೊತ್ತಿಗೆ ಸುಮಾರು ಐದು ನಿಮಿಷ ಆಗಿತ್ತು ಎಂದ. ಸುಮಾರು ಎಂಬ ಮಾತು ಅವನ ಬಾಯಿಂದ ಬರುವುದು ಅಪರೂಪ.

ಅದಿತಿ ಮನೆಗೆ ಬಂದಳು, ಆದರೆ ಬಲಗೈ ಅವಳ ಮಾತು ಕೇಳುತ್ತಿರಲಿಲ್ಲ. ದಾಗಿಸ್ ಎಂಬ ಶಿಶುವಿಹಾರದಲ್ಲಿ ಊಟದ ಚಮಚ ಬೀಳಿಸುತ್ತಾಳೆಂದು ಅಲ್ಲಿನ ಟೀಚರು ಮೆಲ್ಲಗೆ ತಿಳಿಸಿದರು. ಸ್ವೀಡಿಷ್ ಪದಗಳೂ ಕನ್ನಡ ಪದಗಳೂ ಒಂದೊಂದಾಗಿ ತಡವರಿಸಿ ಬರುತ್ತಿದ್ದವು.

ಎರಡು ವಾರ ಕಳೆದು ರಮಾನಂದ ಒಂದು ಕ್ಯಾಸೆಟ್ ತಂದು ಗಂಗಾಧರನ ಕೈಗೆ ಗುಟ್ಟಾಗಿ ಕೊಟ್ಟ. ಪೂಜೆಯ ದಿನ ಹ್ಯಾಂಡಿಕ್ಯಾಮನ್ನು ಸ್ಟ್ಯಾಂಡಿನ ಮೇಲೆ ಇಟ್ಟವನು ಗಾಬರಿಯಲ್ಲಿ ಅದನ್ನು ನಿಲ್ಲಿಸಿರಲಿಲ್ಲ. ಅಳಿಸಲು ತನಗೆ ಮನಸ್ಸು ಬರಲಿಲ್ಲವೆಂದ. ಮೀರಾ ಮನೆಯಲ್ಲಿಲ್ಲದಾಗ ಗಂಗಾಧರ ಅದನ್ನು ಹಾಕಿ ನೋಡಿದ. ಜನರ ಬೆನ್ನುಗಳೇ ತುಂಬಿದ್ದ ಚಿತ್ರದ ಮೂಲೆಯಲ್ಲಿ ಸಮಯ ಓಡುತ್ತಿತ್ತು. ಗಂಟೆ ಥಟ್ಟನೆ ನಿಂತಲ್ಲಿಂದ, "ಈಗ ಹಾಕು" ಎಂದು ತನ್ನದೇ ದನಿ ಕೇಳಿಸುವವರೆಗೆ, ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಮೂರು ಸಲ ಅಳೆದ. ಮೂರು ಸಲವೂ ಅಷ್ಟೇ.

ಮರುದಿನವೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಅಂಕಿ ತಿದ್ದಿಸಿದ. ಬೇಗ ಔಷಧಿ ಹಾಕಿದ್ದರೆ ಕೈ ಉಳಿಯುತ್ತಿತ್ತೇ ಎಂದು ಕೇಳಿದ. ಅದನ್ನು ಯಾರೂ ಹೇಳಲಾರರು ಎಂದರು ಅವರು. ಮೀರಾಳಿಗೆ ಮಾತ್ರ ಅವನು ಏನನ್ನೂ ಹೇಳಲಿಲ್ಲ. ತಾಳು ಅಂದವನು ತಾನು, ನಿಜ. ಆದರೆ ಹನ್ನೊಂದು ನಿಮಿಷ ಎಂದು ಕೇಳಿದ ಕ್ಷಣವೇ ಅವಳ ಮನಸ್ಸು ಆ ಮಾತನ್ನು ದಾಟಿ ಹಿಂದಕ್ಕೆ ಓಡಿ, ಹೊರಡುವಾಗ ಅವಳೇ ಹೇಳಿ ಬದಲಿಸಿದ ಗಡಿಯಾರದ ಮುಂದೆ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

ಪೇಟೆಯಲ್ಲಿ ಗಡಿಯಾರ ರಿಪೇರಿಯ ಮುದುಕನ ಹತ್ತಿರ ಬಿಳಿ ಮುಖದ ಗಡಿಯಾರಕ್ಕೆ ಕಪ್ಪು ರಬ್ಬರ್ ಪಟ್ಟಿ ಹಾಕಿಸಿದ. ನೀರಿಗೆ ತಡೆಯುತ್ತದೆಯೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಡಿಜಿಟಲ್ಲನ್ನು ಡ್ರಾಯರಿಗೆ ಹಾಕಿದ.

ಒಂದೇ ಸಾಕೆನ್ನುವುದಾದರೆ ಅಪ್ಪ ಕೊಟ್ಟದ್ದೇ ಇರಲಿ, ಹಿರಿಯರ ಆಶೀರ್ವಾದ ಮೈಮೇಲಿದ್ದಂತೆ ಎಂದು ಮೀರಾ ಆ ಚಿನ್ನದ ಬಣ್ಣದ್ದನ್ನು ಅವನ ಮುಂದಿಟ್ಟಳು. ಅದು ತನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ ಎಂದ ಗಂಗಾಧರ. ಅವಳು ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು. ಆಮೇಲೆ ಮೂರು ದಿನ ಇಬ್ಬರ ನಡುವೆ ಎಷ್ಟು ಬೇಕೋ ಅಷ್ಟೇ ಮಾತು.

ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೇ ಕತ್ತಲಾಗಿ ದೀಪ ಹಾಕಿದ್ದರು. ಅದಿತಿ ಎಡಗೈಯಲ್ಲಿ ಮೊಸರನ್ನ ತಿನ್ನುತ್ತಿದ್ದಳು. ಮೀರಾ ಬಂದು ಗಂಡನ ಮಣಿಕಟ್ಟು ಹಿಡಿದು, ಸೆಕೆಂಡ್ ಮುಳ್ಳು ಒಂದು ಪೂರ್ತಿ ಸುತ್ತು ಬರುವವರೆಗೆ ನೋಡುತ್ತ ನಿಂತಳು.

"ರೀ, ಅವತ್ತು ಎಷ್ಟು ಹೊತ್ತಾಗಿತ್ತು?"

"ನಾಲ್ಕೂವರೆ ನಿಮಿಷ."

"ಆ ಗಡಿಯಾರದಲ್ಲಿ ಅರ್ಧ ಹೇಗೆ ಗೊತ್ತಾಯ್ತು?"

ಗಂಗಾಧರ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಮೀರಾ ಅವನ ಕೈ ಬಿಡಲಿಲ್ಲ. ಅವಳ ಹೆಬ್ಬೆರಳಿನ ಕೆಳಗೆ ಮುಳ್ಳು ಎರಡನೆಯ ಸುತ್ತು ಮುಗಿಸಿ ಮೂರನೆಯದಕ್ಕೆ ಹೊರಟಿತು.