ಬಿಡುಗಡೆಯಾಗದ ಹಾಡುಗಳು

2008ರಲ್ಲಿ ಲಾಸ್ ಏಂಜಲೀಸಿನ ಒಂದು ಸಂಗೀತ ಕಂಪನಿಯ ಐದು ಆಲ್ಬಮ್‌ಗಳ ಒಪ್ಪಂದಕ್ಕೆ ಸಹಿ ಹಾಕಿದಾಗ ಆಶ್ರಿತಾಳಿಗೆ ಹದಿನೆಂಟು ತುಂಬಿತ್ತಷ್ಟೆ. ಪಕ್ಕದ ಎಲ್ ಸೆಗುಂಡೋ ಊರಿನಲ್ಲಿ ಎಂಜಿನಿಯರಾಗಿದ್ದ ಅಪ್ಪ ದಾನಪ್ಪ, "ಒಮ್ಮೆ ವಕೀಲರಿಗೆ ತೋರ್ಸವ್ವಾ," ಅಂದಿದ್ದರು. ಅವಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಮೊದಲ ಆಲ್ಬಮ್‌ನ ಮೊದಲ ಹಾಡು ಕಡಲತೀರದ ಕುಣಿತದ್ದು. ಅದು ಎಲ್ಲಾ ರೇಡಿಯೋಗಳಲ್ಲೂ ಮೊಳಗಿತು. ಅವರ ಮನೆಯಿದ್ದ ಸೆರಿಟೋಸಿನಲ್ಲಿ ಅಮ್ಮ ಅನಸೂಯ ಸಾಮಾನು ತರಲು ಹೋದರೆ ಅಂಗಡಿಯಲ್ಲೂ ಮಗಳದೇ ದನಿ. ಎರಡನೆಯ ಆಲ್ಬಮ್‌ಗೆ ಆಶ್ರಿತಾ ತಾನೇ ಬರೆದ ಹಾಡುಗಳನ್ನು ಹಾಡಿದಳು. ನಿಧಾನದ, ಒಂಟಿತನದ ಹಾಡುಗಳು. ಕಂಪನಿಯ ಮುಖ್ಯಸ್ಥ ಅರ್ಧಕ್ಕೇ ನಿಲ್ಲಿಸಿದ.

"ಚೆನ್ನಾಗಿದೆ. ಆದರೆ ನಮಗೆ ಬೇಕಿರುವುದು ಇನ್ನೊಂದು ಬೀಚ್ ಹಾಡು."

ಅವಳು ಒಪ್ಪಲಿಲ್ಲ, ಅವನು ಬಿಡುಗಡೆ ಮಾಡಲಿಲ್ಲ. ಬಿಡುಗಡೆಯಾಗದ ಆಲ್ಬಮ್ ಐದರ ಲೆಕ್ಕಕ್ಕೆ ಬರುವುದಿಲ್ಲ. ಐದು ಮುಗಿಯದೆ ಬೇರೆಲ್ಲೂ ರೆಕಾರ್ಡ್ ಮಾಡುವಂತಿಲ್ಲ. ವರ್ಷಗಳು ಉರುಳಿದವು. ಕಂಡಕಂಡವರು "ಹೊಸ ಹಾಡು ಯಾವಾಗ?" ಎನ್ನುವುದನ್ನು ತಾಳಲಾರದೆ ಅವಳು ಸ್ಯಾನ್ ಡಿಯೇಗೋಗೆ, ಅಲ್ಲಿನ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿದ್ದು ಸಂಶೋಧನೆ ಮಾಡುತ್ತಿದ್ದ ಗೆಳತಿ ಸ್ಪಂದನಾಳ ಮನೆಗೆ ಹೋಗಿ ಉಳಿದಳು.

"ರೆಕಾರ್ಡ್ ತಾನೇ ಮಾಡಬಾರ್ದು? ಹಾಡ್ಬಾರ್ದು ಅಂತ ಎಲ್ಲೂ ಇಲ್ವಲ್ಲ ಕಣೇ," ಎಂದಳು ಸ್ಪಂದನಾ.

ಹಾಗೆ ಶನಿವಾರ ಸಂಜೆ ಒಂದು ಕಾಫಿ ಶಾಪಿನಲ್ಲಿ ಆ ಬಿಡುಗಡೆಯಾಗದ ಹಾಡುಗಳನ್ನು ಹಾಡುವುದು ಶುರುವಾಯಿತು. ಮೊದಲ ದಿನವೇ ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಫೋನ್ ಎತ್ತಿ ಹಿಡಿದಳು. ಆಶ್ರಿತಾ ಹಾಡು ನಿಲ್ಲಿಸಿದಳು.

"ದಯವಿಟ್ಟು ಅದನ್ನು ಒಳಗಿಡಿ."

"ನನ್ನ ತಂಗಿಗೆ ಕೇಳಿಸಬೇಕಿತ್ತು."

"ಕರೆದುಕೊಂಡು ಬನ್ನಿ."

ತನ್ನ ಹಾಡಿಗೆ ತಾನೇ ಕಾವಲು ಕೂತಂತಾಗಿ ಅವಳಿಗೆ ನಾಚಿಕೆಯಾಯಿತು. ಮುಂದಿನ ವಾರ ಆ ಹೆಂಗಸು ತಂಗಿಯೊಡನೆ ನಿಜಕ್ಕೂ ಬಂದಳು.

2019ರಲ್ಲಿ ಮುಖ್ಯಸ್ಥನೇ ಫೋನ್ ಮಾಡಿದ: ಮೂರು ಬೀಚ್ ಹಾಡು ಕೊಟ್ಟರೆ ಹಳೆಯ ಆಲ್ಬಮ್ ಹೊರಬರುತ್ತದೆ. ಅವಳು ಲಾಸ್ ಏಂಜಲೀಸಿಗೆ ಹೋದಳು. ಅಪ್ಪನೂ ಜೊತೆಗೆ ಬಂದು ಸ್ಟುಡಿಯೋದ ಹೊರಕೋಣೆಯಲ್ಲಿ, ಅವಳ ಹಾಡು ಕೇಳಿಬರುವ ಸ್ಪೀಕರಿನ ಬಳಿ ಕೂತರು. ಒಂದು ಹಾಡು ಅರ್ಧವಾಗುವಷ್ಟರಲ್ಲಿ ಅವಳು ಹೆಡ್‌ಫೋನ್ ಕಳಚಿಟ್ಟು ಹೊರಗೆ ಬಂದಳು.

ಮರಳುವಾಗ ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತಿದ್ದವು. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕನ್ನಡದಲ್ಲಿ ಕೇಳಿದಳು: "ತಪ್ಪು ಮಾಡಿದ್ನಾ ಅಪ್ಪಾ?"

"ಗೊತ್ತಿಲ್ಲವ್ವಾ," ಎಂದರು ದಾನಪ್ಪ. "ಆದ್ರ ನಿನ್ನ ದನಿ ನಡಗಾಕತ್ತಿತ್ತು. ನಂಗ ಕೇಳಾಕ ಆಗ್ಲಿಲ್ಲ."

ಆ ಆಲ್ಬಮ್ ಇನ್ನೂ ಕಂಪನಿಯಲ್ಲೇ ಇದೆ. ಶನಿವಾರ ಅವಳು ಹಾಡುತ್ತಾಳೆ. ಬಂದವರು ಫೋನ್ ಎತ್ತದೆ ಕೇಳಿ, ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.