ಸೊನ್ನೆ ಎಂದು ಬಂದ ಉಬ್ಬರ

ದೇವರ ಲೀಲೆ ನೋಡಿ, ಕೆಲವು ನಕ್ಷತ್ರಗಳ ಅಗಲ ಒಂದು ದೊಡ್ಡ ಊರಿನಷ್ಟೇ, ತೂಕ ಮಾತ್ರ ಸೂರ್ಯನನ್ನೂ ಮೀರಿದ್ದು. ಅಂಥ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾದರೆ, ಒಂದರ ಸೆಳೆತಕ್ಕೆ ಇನ್ನೊಂದರ ಮೈ ಕಡಲಿನ ಹಾಗೆ ಉಬ್ಬುತ್ತದೆ. ಆ ಉಬ್ಬರ ಸುತ್ತಿನ ಕಸುವನ್ನು ಕುಡಿಯುವುದರಿಂದ ಅವು ಲೆಕ್ಕಕ್ಕಿಂತ ಕೂದಲೆಳೆಯಷ್ಟು ಬೇಗ ಕೂಡಿಬಿಡುತ್ತವೆ. ಕಪ್ಪುಕುಳಿಗಳಿಗೆ ಉಬ್ಬಲು ಮೈಯೇ ಇಲ್ಲ.

ಮೂರನೇ ಮಹಡಿಯ ಕೋಣೆಯಲ್ಲಿ ಸಂಶೋಧಕಿಯೊಬ್ಬಳು ಪರದೆಯನ್ನು ನೋಡುತ್ತ ಕೂತಿದ್ದಳು. ಮೂರು ವಾರದ ಹಿಂದೆ, ಇಂಥ ಎರಡು ಕೂಡುವಾಗ ಏಳುವ ಗುರುತ್ವದ ಅಲೆಯೊಂದು ಬಂದು ಉಪಕರಣಕ್ಕೆ ತಾಕಿತ್ತು. ಅವಳ ಲೆಕ್ಕದಲ್ಲಿ ಉಬ್ಬರ ಸೊನ್ನೆ. ಹಾಗಾದರೆ ಕೂಡಿದ್ದು ಕಪ್ಪುಕುಳಿಗಳೇ. ಆದರೆ ಅಲೆ ತೋರಿಸಿದ ತೂಕದಷ್ಟು ಹಗುರವಾದ ಕುಳಿಗಳನ್ನು ಕಂಡವರೇ ಇಲ್ಲ! ನಾಲ್ಕು ಗಂಟೆಗೆ ಪ್ರಕಟಣೆ ಹೊರಡಬೇಕು, ಮೊದಲ ಹೆಸರು ಅವಳದೇ. ತಪ್ಪಿದರೆ ಬದುಕಿಡೀ ನಗೆಪಾಟಲು.

"ಯಾಕೆ ತಂಗೀ, ಹರಳೆಣ್ಣೆ ಕುಡಿದವಳ ಹಾಗೆ ಕೂತಿದ್ದೀಯ?" ಎಂದ ಎದುರು ಮೇಜಿನವನು. ಅಲೆಯಿಂದ ಗದ್ದಲ ಸೋಸುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಅವನು ಜರಡಿ.

"ಸೊನ್ನೆ ಬರ್ತಿದೆ ಅಣ್ಣ."

"ಬರ್ಲಿ ಬಿಡು. ದೇವರು ಕೊಟ್ಟಿದ್ದು."

"ದೇವರು ಕೊಟ್ಟಿದ್ದೋ ನೀನು ಕೊಟ್ಟಿದ್ದೋ, ಅದೇ ತಿಳೀತಿಲ್ಲ. ಸೆಕೆಂಡಿಗೆ ನಾನೂರಕ್ಕಿಂತ ಮೇಲಿನ ಕಂಪನ ಎಲ್ಲಿ?"

"ಕತ್ತರಿಸಿದೆ. ಯಾವಾಗ್ಲೂ ಕತ್ತರಿಸ್ತೀವಲ್ಲ? ಅಲ್ಲಿರೋದು ಬರೀ ಕರಕರ."

ನಿಜವೇ. ಹತ್ತು ವರ್ಷ ಆ ಕೋಣೆಗೆ ಬಂದದ್ದೆಲ್ಲ ಭಾರೀ ಕಪ್ಪುಕುಳಿಗಳ ಅಲೆಗಳು, ಅವುಗಳ ಕಥೆ ನಾನೂರರೊಳಗೇ ಮುಗಿಯುತ್ತಿತ್ತು. ಉಬ್ಬರ ಎದ್ದು ಕಾಣುವುದೋ ಅದರಾಚೆ, ಕೊನೆಯ ಗಳಿಗೆಯಲ್ಲಿ.

"ಮದುವೆ ಮುಗಿಯೋ ಮುಂಚೆ ಎದ್ದುಬಂದು, ಮದುವೆನೇ ಆಗ್ಲಿಲ್ಲ ಅಂದ ಹಾಗಾಯ್ತಲ್ಲ!" ಎಂದಳು.

ಜರಡಿ ತಲೆ ಕೆರೆದುಕೊಂಡ. ಕತ್ತರಿಸಿದ್ದನ್ನು ಮತ್ತೆ ಸೇರಿಸಿ ಲೆಕ್ಕ ಓಡಿಸಿದರು. ಮೂರು ಗಂಟೆಗೆ ಉತ್ತರ ಬಂತು: ಉಬ್ಬರದ ಅಳತೆ ಸೊನ್ನೆಯೂ ಇರಬಹುದು, ಎಂಟುನೂರೂ ಇರಬಹುದು; ಅಂದರೆ ಕುಳಿಯೂ ಆಗಬಹುದು, ನಕ್ಷತ್ರವೂ ಆಗಬಹುದು. ಬೆಳಿಗ್ಗೆ ತಪ್ಪಾದರೂ ಒಂದು ಉತ್ತರವಿತ್ತು, ಈಗ ಅದೂ ಇಲ್ಲ. ಸುಮ್ಮನೆ ಹಳೆಯದನ್ನೇ ಕಳಿಸಿಬಿಟ್ಟರೆ? ಕಣ್ಣು ಮುಚ್ಚಿ ದೇವರನ್ನು ನೆನೆದಳು. ಎದ್ದು ತಂಡದ ಮುಖ್ಯಸ್ಥೆ ಮೇಡಂ ಕೋಣೆಗೆ ಹೋದಳು.

"ನಕ್ಷತ್ರನೋ, ಕುಳಿನೋ?" ಮೇಡಂ ಕನ್ನಡಕ ಇಳಿಸಿದರು.

"ಗೊತ್ತಿಲ್ಲ ಮೇಡಂ."

"ಮೊನ್ನೆ ಗೊತ್ತಿತ್ತಲ್ಲಮ್ಮ?"

"ಮೊನ್ನೆ ಅಲೆಯ ಬಾಯಿ ಮುಚ್ಚಿ, ಇದು ಮೂಗಿ ಅಂದಿದ್ವಿ."

ಮೇಡಂ ಕನ್ನಡಕ ಮತ್ತೆ ಏರಿಸಿದರು. "ಹಾಗಾದ್ರೆ ಗೊತ್ತಿಲ್ಲ ಅಂತ್ಲೇ ಬರಿ. ಆಗ್ಲೂ ಮೊದಲ ಹೆಸರು ನಿಂದೇ ಇರ್ಲಾ?"

"ಇರ್ಲಿ ಮೇಡಂ."

ಗೊತ್ತಿಲ್ಲ ಎಂಬುದನ್ನು ಅಂಕಿಗಳಲ್ಲಿ ಬರೆಯುವುದು ಸುಲಭವಲ್ಲ. ಮೊದಲ ಸಾಲನ್ನು ಏಳು ಸಲ ಅಳಿಸಿದಳು. ಜರಡಿ ಹಿಂದಿನಿಂದ ಬಗ್ಗಿ ಓದಿದ.

"ಇದನ್ನು ಓದಿದವರಿಗೆ ಏನು ಅರ್ಥ ಆಗುತ್ತೆ?"

"ನಮಗಾದಷ್ಟೇ," ಎಂದಳು, ಎಂಟನೆಯ ಸಲ ಬರೆಯುತ್ತ.